ಎರಡು ಬಗೆಯ ಗುಂಡು

"ಗುಂಡು ತುಟ್ಟಿಯಾಗಿದೆಯಂತೆ ಕಣೇ" ಅಂದೆ. "ಒಳ್ಳೇದಾಯ್ತು, ಇನ್ನಾದ್ರೂ ಬಿಡಿ" ಅಂದಳು ಹೆಂಡತಿ. ಆ ಗುಂಡಲ್ಲ ಮಾರಾಯ್ತಿ, ಪಿಸ್ತೂಲಿನದು.

ನಮ್ಮದು ಪುಣೆಯ ಕೋಥ್ರೂಡ್. ಮೇಲಿನ ಮನೆಯ ಧಾರವಾಡದವರ ಮಗಳು ಬಾಲೇವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ಕಲಿಯುತ್ತಾಳೆ. ಅವಳ ಅಪ್ಪ ಲಿಫ್ಟಿನಲ್ಲಿ ಸಿಕ್ಕರು. "ಸರ, ಪಾಯಿಂಟ್ ಟೂಟೂ ಡಬ್ಬಿ ಇನ್ಮ್ಯಾಲೆ ಬ್ಯಾಂಕ್ ಲಾಕರ್‌ನ್ಯಾಗ ಇಡಬೇಕ್ರಿ. ಅದೂ ಸಿಕ್ಕರ!" ಪಾಯಿಂಟ್ ಟೂಟೂ ಅಂದರೆ .22 ಅಳತೆಯ ಸಣ್ಣ ಗುಂಡು. ಡಬ್ಬಿಯಲ್ಲಿ 50 ಕಾಡತೂಸು. ಒಂದು ಪಂದ್ಯಕ್ಕೆ ಬೇಕಾದದ್ದು 60. ಡಬ್ಬಿ ಮಾಡಿದವನಿಗೂ ನಮ್ಮ ಮೇಲೆ ಏನೋ ಸೇಡು.

ಒಳ್ಳೆಯ ಕಾಡತೂಸು ಬರಬೇಕಾದದ್ದು ಇಂಗ್ಲೆಂಡು, ಜರ್ಮನಿಯಿಂದ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ಕೋವಿಮದ್ದಿಗೆ ಸೈನ್ಯದ್ದೇ ಬೇಡಿಕೆ. ಅದು ಬಿಡಿ, ಯುದ್ಧ ನಾವು ಮಾಡಿದ್ದಲ್ಲ. ತೆರಿಗೆ ಮಾತ್ರ ನಮ್ಮದೇ.

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಜಿಎಸ್‌ಟಿ ಇಳಿಯಿತೆಂದು ದೇಶಕ್ಕೆಲ್ಲ ಉಳಿತಾಯದ ಹಬ್ಬ. ಅದೇ ದಿನ ಪಿಸ್ತೂಲಿನ ಜಿಎಸ್‌ಟಿ ಶೇಕಡಾ 28ರಿಂದ 40ಕ್ಕೆ ಹಾರಿತು. ಯಾರ ಪಕ್ಕದಲ್ಲಿ ಕೂತಿದೆ ನೋಡಿ: ಕೋಲಾ, ವಿಹಾರದ ಯಾಟ್, ಸ್ವಂತ ವಿಮಾನ. ಎಂಥ ಒಳ್ಳೆಯ ಸಹವಾಸ! ನಮ್ಮ ಹುಡುಗಿ ಬಾಲೇವಾಡಿಗೆ ಹೋಗುವುದು ಮಾತ್ರ ಸಿಟಿ ಬಸ್ಸಿನಲ್ಲಿ, ನಿಂತುಕೊಂಡು. ಆಮೇಲಿನ ವಾರವೇ ಆಯುಧಪೂಜೆ. ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಬಿಲ್ಲು ಕಟ್ಟಿ. ಇನ್ನೊಂದು ಗುಂಡಿದೆಯಲ್ಲ, ಗೋವಾಕ್ಕೆ ಹೋಗಿ ಹಾಕುವುದು? ಅದಕ್ಕೆ ಜಿಎಸ್‌ಟಿಯೇ ಇಲ್ಲ.

ಕೊಡಗಿನ ನಿವೃತ್ತ ಫೌಜಿಯೊಬ್ಬರು ನನ್ನ ವಾಕಿಂಗ್ ಜೊತೆಗಾರರು. ಅವರ ಕಡೆ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. "ಈ ರೇಟಿಗೆ ಹುಟ್ಟೋದೇ ಅಗ್ಗ" ಅಂತಾರೆ. ಸುಮ್ನೆ ತಮಾಷೆಗೆ.

ರಿಯಾಯಿತಿ ಇಲ್ಲವೆಂದಲ್ಲ. ನಿಯಮದಲ್ಲಿ 'ಖ್ಯಾತ ಶೂಟರ್' ಅಂತಲೇ ಒಂದು ಜಾತಿ ಇದೆ. ಖ್ಯಾತರು ಹೊರಗಿನಿಂದ ತರಿಸಿಕೊಂಡರೆ ಸುಂಕ ಮಾಫಿ. ಖ್ಯಾತರಾಗಬೇಕಾದರೆ ದೊಡ್ಡ ಪಂದ್ಯದಲ್ಲಿ ಸ್ಕೋರ್ ಬೇಕು. ಸ್ಕೋರಿಗೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಗುಂಡು ಬೇಕು. ಗುಂಡು ಬೇಕೇ? ಮೊದಲು ಖ್ಯಾತರಾಗಿ ಬನ್ನಿ. ಈಜು ಕಲಿತ ಮೇಲೆ ನೀರಿಗಿಳಿ ಅಂದಂತೆ.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದಾಗ ನಾವೂ ಪೇಢೆ ಹಂಚಿದೆವು. ಕೊಲ್ಹಾಪುರದ ಕಡೆಯ ಹುಡುಗ, ರೈಲ್ವೆಯ ಟಿಸಿ, ಇದೇ ಬಾಲೇವಾಡಿಯಲ್ಲಿ ಬೆವರು ಸುರಿಸಿದವನು. ಮನು ಭಾಕರ್ ಎರಡು ಕಂಚು ತಂದಳು. ಪಿಸ್ತೂಲಿನಲ್ಲೇ ತಂದದ್ದು ಸ್ವಾಮಿ, ಸೌಟಿನಲ್ಲಲ್ಲ. ಪದಕ ಬಂದ ದಿನ ಅದು ದೇಶದ ಹೆಮ್ಮೆ, ಬಿಲ್ ಬರೆಯುವ ದಿನ ಶೋಕಿ. ನಾಚಿಕೆ ಆಗಲ್ವಾ? ಒಬ್ಬ ಅಪ್ಪ ಪಿಎಫ್ ಮುರಿದು ಮಗಳಿಗೆ ಪಿಸ್ತೂಲು ಕೊಡಿಸುವುದು ಯಾವ ಸೀಮೆಯ ಶೋಕಿ?

ಮೊನ್ನೆ ಒಗ್ಗರಣೆ ಅವಲಕ್ಕಿ ಕೊಡಲು ಮೇಲೆ ಹೋಗಿದ್ದೆ. ಹುಡುಗಿ ಗೋಡೆಯ ಮೇಲಿನ ಕಪ್ಪು ಚುಕ್ಕೆಗೆ ಏರ್ ಪಿಸ್ತೂಲ್ ಹಿಡಿದು ನಿಂತಿದ್ದಳು. ಟಕ್. ಮತ್ತೆ ಟಕ್. ಖಾಲಿ. ಡ್ರೈ ಫೈರಿಂಗ್ ಅಂತಾರಂತೆ.

"ಎಷ್ಟು ಬಿತ್ತಮ್ಮ?"

"ಹತ್ತು, ಅಂಕಲ್. ಗುಂಡು ಇಲ್ಲದಾಗ ನಂದು ಯಾವತ್ತೂ ಹತ್ತೇ."