ನೇರ ಮಾಡಿದ್ದಕ್ಕೊಂದು ಬಿಲ್, ಡೊಂಕು ಮಾಡಿದ್ದಕ್ಕೊಂದು ಬಿಲ್

ನದಿಯ ಮೇಲೇ ದಾವೆ ಹೂಡಿ ಗೆದ್ದವರು ಒಂದು ಕಾಲದಲ್ಲಿ ಇದ್ದರಂತೆ. ಇಂದಿನ ಟರ್ಕಿಯ ಪಶ್ಚಿಮದಲ್ಲಿ ಹರಿಯುವ ಮೆಂಡೆರೆಸ್ ನದಿಯನ್ನು ಗ್ರೀಕರು ಮಯಾಂಡ್ರೋಸ್ ಎನ್ನುತ್ತಿದ್ದರು. ಅದು ಬಳುಕಿ ಬಳುಕಿ ಹರಿಯುವ ಪರಿ ಎಷ್ಟು ಹೆಸರುವಾಸಿಯೆಂದರೆ, ಬಳುಕಿ ಹರಿಯುವುದಕ್ಕೆ ಇಂಗ್ಲಿಷಿನವರು ಹೇಳುವ ‘ಮಿಯಾಂಡರ್’ ಎಂಬ ಪದ ಹುಟ್ಟಿದ್ದೇ ಅಲ್ಲಿಂದ. ಈ ನದಿ ಬಳುಕುವಾಗ ಸುಮ್ಮನೆ ಬಳುಕುವುದಿಲ್ಲ. ದಡದವರ ಹೊಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಗಡಿ ಬದಲಾಯಿಸಿದ ಆರೋಪದ ಮೇಲೆ ಜನ ನದಿಯ ವಿರುದ್ಧ ದೂರು ಕೊಡುತ್ತಿದ್ದರು, ಅಪರಾಧ ಸಾಬೀತಾದರೆ ದಂಡವನ್ನು ದೋಣಿಗಟ್ಟೆಯ ಸುಂಕದಿಂದ ಮುರಿದುಕೊಳ್ಳುತ್ತಿದ್ದರು ಎಂದು ಎರಡು ಸಾವಿರ ವರ್ಷಗಳ ಹಿಂದಿನ ಭೂಗೋಳಜ್ಞ ಸ್ಟ್ರಾಬೋ ಬರೆದಿಟ್ಟಿದ್ದಾನೆ. ತಪ್ಪು ನದಿಯದು, ದಂಡ ತೆತ್ತವನು ದೋಣಿ ಹತ್ತಿದವನು. ಆಡಳಿತಶಾಸ್ತ್ರದ ಅಡಿಗಲ್ಲು ಬಹುಶಃ ಅಲ್ಲೇ ಬಿದ್ದಿರಬೇಕು.

ಮುಂದೆ ಇಂಗ್ಲಿಷ್ ನಿಘಂಟುಗಳು ಆ ಪದಕ್ಕೆ ಗೊತ್ತುಗುರಿಯಿಲ್ಲದೆ ಅಲೆಯುವುದು ಎಂಬ ಅರ್ಥವನ್ನೂ ಅಂಟಿಸಿದವು. ನದಿಗೆ ಗುರಿಯಿಲ್ಲವಂತೆ! ಸಮುದ್ರ ಎಲ್ಲಿದೆ ಎಂದು ಯಾರನ್ನೂ ಕೇಳದೆ ಹೋಗಿ ಸೇರುವ ಏಕೈಕ ಪ್ರಯಾಣಿಕನ ಮೇಲೆ ಈ ಅಪವಾದ. ಅಮೆರಿಕದ ಸೇನೆಯ ಎಂಜಿನಿಯರುಗಳ ದಳ ಮಾತ್ರ ಅದನ್ನು ಪೂರ್ತಿ ನಂಬಿಬಿಟ್ಟಿತೆಂದು ಕಾಣುತ್ತದೆ.

ಫ್ಲೋರಿಡಾದ ಕಿಸಿಮ್ಮೀ ನದಿ ತನ್ನ ಹೆಸರಿನದೇ ಸರೋವರದಿಂದ ಹೊರಟು ಓಕಿಚೋಬಿ ಸರೋವರ ಸೇರಲು ಸುಮಾರು 166 ಕಿಲೋಮೀಟರ್ ಸುತ್ತುತ್ತಿತ್ತು. 1947ರಲ್ಲಿ ಚಂಡಮಾರುತಗಳು ಬೀಸಿ ಊರು, ಹುಲ್ಲುಗಾವಲುಗಳೆಲ್ಲ ಮುಳುಗಿದವು. ನೆರೆ ಬರುವ ಬಯಲಿನಲ್ಲೇ ಮನೆ ಕಟ್ಟಿ, ದನ ಮೇಯಿಸಿಕೊಂಡಿದ್ದವರು ಎಲ್ಲ ತಪ್ಪನ್ನೂ ನದಿಯ ತಿರುವುಗಳ ಮೇಲೆ ಹೊರಿಸಿದರು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಇಲ್ಲಿ ನೆಲದ ಬದಲು ನದಿ.

ಸರಿ, ನದಿಯನ್ನು ನೆಟ್ಟಗೆ ಮಾಡಲು ಆ ದಳ 1962ರಿಂದ 1971ರವರೆಗೆ ಕಾಲುವೆ ಅಗೆದದ್ದೇ ಅಗೆದದ್ದು. ಒಂಬತ್ತು ಮೀಟರ್ ಆಳ, ತೊಂಬತ್ತು ಮೀಟರ್ ಅಗಲ. ಉದ್ದ 90 ಕಿಲೋಮೀಟರಿಗೆ ಇಳಿಯಿತು. ಶಿಸ್ತಿಗೆ ಬಂದ ನದಿಗೆ ಹಳೆಯ ಹೆಸರು ಏಕೆ? ಜೈಲು ಸೇರಿದವನಿಗೆ ಕೊಡುವಂತೆ ಒಂದು ನಂಬರ್ ಕೊಟ್ಟರು: ಸಿ-38. ಸ್ಥಳೀಯರು ಅಷ್ಟು ಗೌರವವನ್ನೂ ಕೊಡದೆ ‘ಚರಂಡಿ’ ಎಂದೇ ಕರೆದರು.

ಚರಂಡಿ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡಿತು. ಮೊದಲು ತಿರುವುಗಳಲ್ಲಿ ತಡೆದು, ಜೌಗಿನಲ್ಲಿ ಹರಡಿಕೊಂಡು, ತನ್ನ ಕೊಳೆಯನ್ನು ಅಲ್ಲಲ್ಲೇ ಇಳಿಸಿ ಬರುತ್ತಿದ್ದ ನೀರು ಈಗ ಡೇರಿಗಳ ಸಗಣಿ-ಗಂಜಲದ ರಂಜಕವನ್ನೆಲ್ಲ ಹೊತ್ತು ನೇರ ಓಕಿಚೋಬಿಗೆ ಧಾವಿಸಿತು. ಜೌಗು ಒಣಗಿತು. ಚಳಿಗಾಲಕ್ಕೆ ಬರುತ್ತಿದ್ದ ಬಾತುಗಳಲ್ಲಿ ಶೇ. 90ಕ್ಕಿಂತ ಹೆಚ್ಚು ನಾಪತ್ತೆ. ಬದಿಗೆ ಬಿದ್ದ ಹಳೆಯ ತಿರುವುಗಳಲ್ಲಿ ನೀರು ಕೊಳೆತು, ಮೀನಿಗೆ ಉಸಿರು ಸಿಗದಂತಾಯಿತು. ನದಿಗಳೇಕೆ ಬಳುಕುತ್ತವೆ ಎಂಬುದನ್ನು 1926ರಲ್ಲೇ ಐನ್‌ಸ್ಟೈನ್ ಚಹಾ ಬಟ್ಟಲಿನ ಎಲೆಗಳನ್ನು ತೋರಿಸಿ ವಿವರಿಸಿದ್ದರು. ಆದರೆ ದಳದ ಕಚೇರಿಯಲ್ಲಿ ಕುಡಿಯುತ್ತಿದ್ದುದು ಕಾಫಿಯೇನೋ!

ಕಾಲುವೆ ಮುಗಿದು ಐದೇ ವರ್ಷಕ್ಕೆ, 1976ರಲ್ಲಿ, ನದಿಯನ್ನು ಸರಿಪಡಿಸಲು ಫ್ಲೋರಿಡಾದ ಶಾಸನಸಭೆ ಕಾನೂನು ಮಾಡಿತು. ಸರಿಪಡಿಸುವುದೆಂದರೆ ಮತ್ತೆ ಡೊಂಕು ಮಾಡುವುದು. ಕಾನೂನೇನೋ ಬೇಗ ಬಂತು. ಅಮೆರಿಕದ ಸಂಸತ್ತು ಒಪ್ಪಿದ್ದು 1992ರಲ್ಲಿ, ಕೆಲಸ ಶುರುವಾದದ್ದು 1999ರಲ್ಲಿ, ಮುಗಿದದ್ದು 2021ರಲ್ಲಿ. ಒಂಬತ್ತು ವರ್ಷದಲ್ಲಿ ನೆಟ್ಟಗಾದದ್ದು ಸೊಟ್ಟಗಾಗಲು ಇಪ್ಪತ್ತೆರಡು ವರ್ಷ. ಖರ್ಚು ಹತ್ತಿರ ಹತ್ತಿರ ನೂರು ಕೋಟಿ ಡಾಲರ್. ಕೆಲಸಕ್ಕೆ ಬಂದವರು ಯಾರು? ಅದೇ ಎಂಜಿನಿಯರುಗಳ ದಳ. ಅಗೆದ ಮಣ್ಣು ದಂಡೆಯ ಮೇಲೇ ರಾಶಿ ಬಿದ್ದಿತ್ತು. ಅದನ್ನೇ ಎತ್ತಿ ಅದೇ ಗುಂಡಿಗೆ ಸುರಿದರು. ಅಳಿಸಿಹೋದ ಕಡೆ ತಿರುವುಗಳನ್ನು ನಕ್ಷೆ ನೋಡಿ ಹೊಸದಾಗಿ ಕೊರೆದರು. ಪುಕ್ಕಟೆಯಾಗಿ ಬಂದಿದ್ದ ಡೊಂಕಿಗೆ ಈಗ ಅಂದಾಜುಪಟ್ಟಿ, ಟೆಂಡರ್, ಅಳತೆ ಪುಸ್ತಕ!

ತಮಾಷೆ ಸಾಕು, ಫಲ ಸಿಕ್ಕಿದ್ದು ನಿಜ. ಸುಮಾರು 70 ಕಿಲೋಮೀಟರ್ ನದಿ ಮತ್ತೆ ನದಿಯಾಯಿತು, ನೀರಿಗೆ ಗಾಳಿ ಬಂತು, ಕೊಕ್ಕರೆಗಳು ಯಾವ ಆಹ್ವಾನಪತ್ರಿಕೆಗೂ ಕಾಯದೆ ಬಂದಿಳಿದವು. ದೋಣಿ ಹತ್ತಿದವನ ಹಾಗೆ ಇಲ್ಲಿ ತೆರಿಗೆದಾರ ಎರಡು ಸಲ ಸುಂಕ ಕಟ್ಟಿದ್ದಾನೆ, ಒಮ್ಮೆ ಅಗೆಯಲು, ಇನ್ನೊಮ್ಮೆ ಮುಚ್ಚಲು.

ಹಾಗೆಂದು ಪೂರ್ತಿ ಮುಚ್ಚಿಲ್ಲ. ನಡುವಿನ ಭಾಗ ಮಾತ್ರ ಬಳುಕುತ್ತದೆ. ಪ್ರವಾಹ ನಿಯಂತ್ರಣಕ್ಕೆಂದು ಎರಡೂ ತುದಿಗಳಲ್ಲಿ ಸಿ-38 ಇಂದಿಗೂ ಗೆರೆ ಎಳೆದಂತೆ ನೆಟ್ಟಗಿದೆ. ಮುಂದಿನ ತಲೆಮಾರಿನ ಎಂಜಿನಿಯರುಗಳ ಹೊಟ್ಟೆಪಾಡಿಗೂ ಏನಾದರೂ ಉಳಿಯಬೇಕಲ್ಲ.