ಅಂಗಡಿಗೇ ಬಾರದ ರೆಕಾರ್ಡು
ಅಮೆರಿಕದ ರಾಕ್ ಬ್ಯಾಂಡ್ ಬಿಗ್ ಸ್ಟಾರ್‌ನ ಹಾಡುಗಳು ಜನಕ್ಕೆ ಹಿಡಿಸಲಿಲ್ಲ, ಅದಕ್ಕೇ ಬ್ಯಾಂಡ್ ಮುಳುಗಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲಾರೆ. ಹಿಡಿಸಬೇಕಾದರೆ ಮೊದಲು ರೆಕಾರ್ಡು ಕೈಗೆ ಸಿಗಬೇಕು ಅಲ್ವಾ? 1972ರಲ್ಲಿ ಮೊದಲ ಆಲ್ಬಂ ಬಂದಾಗ ವಿಮರ್ಶಕರು ಮನಸಾರೆ ಹೊಗಳಿದ್ದರು. ಆದರೆ ಹಂಚಿಕೆ ಹೊತ್ತಿದ್ದ ಸ್ಟ್ಯಾಕ್ಸ್ ಕಂಪನಿಯಿಂದ ಅದು ಅಂಗಡಿಗಳಿಗೆ ಸರಿಯಾಗಿ ತಲುಪಲೇ ಇಲ್ಲ. 1974ರ ಎರಡನೇ ಆಲ್ಬಂ ‘ರೇಡಿಯೊ ಸಿಟಿ’ಗೂ ಅದೇ ಗತಿ.

ಮೊದಲ ಆಲ್ಬಂನಲ್ಲಿ ಡ್ರಮ್ಮೇ ಇಲ್ಲದ ಒಂದು ಹಾಡಿದೆ. ಬರೀ ಅಕೌಸ್ಟಿಕ್ ಗಿಟಾರು, ಬ್ಯಾಂಡಿನ ಗಾಯಕ ಅಲೆಕ್ಸ್ ಚಿಲ್ಟನ್ ಅವರ ಮೆಲುದನಿ. 16ನೇ ವಯಸ್ಸಿಗೇ ಬಾಕ್ಸ್ ಟಾಪ್ಸ್ ಎಂಬ ಬ್ಯಾಂಡ್ ಜೊತೆ ಗಡಸು ಗಂಟಲಲ್ಲಿ ಹಾಡಿ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದ ಹುಡುಗ ಇವರೇನಾ ಅನಿಸುತ್ತದೆ.

ಬಿಗ್ ಸ್ಟಾರ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಬೆಲ್ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕಿತ್ತು. ಮೊದಲ ಆಲ್ಬಂ ಸೋತಾಗ ಮನಸ್ಸು ಮುರಿದು ಬ್ಯಾಂಡ್ ಬಿಟ್ಟು ಹೊರಟುಹೋದರು. 1978ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ ಅಷ್ಟೇ.