ದಾರಿಯ ಹೆಸರು ಹೇಳುವ ಬಾನುಲಿ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪೂರ್ವ ಗಿಪ್ಸ್‌ಲ್ಯಾಂಡಿಗೆ ಬಂದು ನೆಲೆಸಿದ ಮೊದಲ ಬೇಸಿಗೆಯಲ್ಲಿ, ಬಿಸಿಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎಬಿಸಿಯ ಪ್ರಾದೇಶಿಕ ಬಾನುಲಿಯಲ್ಲಿ ಬರುತ್ತಿದ್ದ ಸಂದರ್ಶನ ನಡುವೆಯೇ ನಿಂತಿತು. ಸೈರನ್ ಮೊಳಗಿದ ಮೇಲೆ ನಿರೂಪಕಿ ಕಾಡ್ಗಿಚ್ಚಿನ ಎಚ್ಚರಿಕೆಯನ್ನು ಓದತೊಡಗಿದರು. ಬೆಂಕಿ ಯಾವ ರಸ್ತೆಯ ಯಾವ ಮಗ್ಗುಲಲ್ಲಿದೆ, ಯಾವ ತಿರುವಿನಾಚೆಯವರು ಈಗಲೇ ಹೊರಡಬೇಕು, ಯಾರಿಗೆ ಹೊರಡುವ ಹೊತ್ತು ಮೀರಿದೆ ಎಂಬುದನ್ನು ಅವರು ಹಳ್ಳಿಗಳ ಹೆಸರು ಹಿಡಿದು ಹೇಳಿದ ರೀತಿಗೆ ನಾನು ಬೆರಗಾದೆ.

2009ರ ಫೆಬ್ರವರಿ 7ರ ಕಾಡ್ಗಿಚ್ಚಿನಲ್ಲಿ 173 ಮಂದಿಯನ್ನು ಕಳೆದುಕೊಂಡ ರಾಜ್ಯವಿದು. ಇಲ್ಲಿ ಅಗ್ನಿಶಾಮಕ ಸೇವೆಯ ಎಚ್ಚರಿಕೆ ಬಂದೊಡನೆ ಬಾನುಲಿ ತನ್ನ ಕಾರ್ಯಕ್ರಮವನ್ನು ಬದಿಗಿಡುತ್ತದೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ. ಫೋನ್ ಮಾಡಿದ ರೈತ ತನ್ನ ಬೇಲಿಯಂಚಿನಲ್ಲಿ ಕಂಡದ್ದನ್ನು ಕೇಳಿಸಿಕೊಳ್ಳುತ್ತದೆ. 2019ರ ಡಿಸೆಂಬರ್ 31ರಂದು ಮಲ್ಲಕೂಟ ಊರಿನ ಸಾವಿರಾರು ಜನ ದಾರಿ ಕಡಿದುಹೋಗಿ ಕಡಲ ದಂಡೆಯಲ್ಲಿ ಸಿಲುಕಿದ್ದರು. ಆ ಬೇಸಿಗೆಯಲ್ಲಿ ಕರೆಂಟು, ಮೊಬೈಲ್ ಎರಡೂ ಕೈಕೊಟ್ಟ ಕಡೆಗಳಲ್ಲೆಲ್ಲ ಬ್ಯಾಟರಿ ರೇಡಿಯೊವೇ ಆಸರೆಯಾಯಿತು. ನಮ್ಮ ನೆರೆಯವರು ಇಂದಿಗೂ ಮನೆಯ ಕಾಗದಪತ್ರಗಳ ಚೀಲದಲ್ಲಿ ಒಂದು ರೇಡಿಯೊ ಇಟ್ಟುಕೊಂಡಿರುತ್ತಾರೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ನಾನು ಮೆಲ್ಬರ್ನಿನಲ್ಲಿದ್ದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯ ಬದಿಯಲ್ಲಿ ನಮ್ಮ ಚಿಕ್ಕಪ್ಪನ ಮನೆಯಿದೆ. ಎಷ್ಟೋ ಹೊತ್ತಿನ ಮೇಲೆ ಫೋನ್ ಸಿಕ್ಕಾಗ, ಜೋಡುಪಾಲದಲ್ಲಿ ದಾರಿ ಇದೆಯೋ ಇಲ್ಲವೋ ಅಲ್ಲಿಂದ ನೋಡಿ ಹೇಳು ಎಂದು ಅವರು ನನ್ನನ್ನೇ ಕೇಳಿದರು. ನಾನು ಅಂತರ್ಜಾಲದಲ್ಲಿ ನೋಡುತ್ತಿದ್ದ ಕನ್ನಡ ಸುದ್ದಿವಾಹಿನಿಯಲ್ಲಿ ಒಂದೇ ಮನೆ ಕುಸಿಯುವ ದೃಶ್ಯ ಮರಳಿ ಮರಳಿ ಬರುತ್ತಿತ್ತೇ ಹೊರತು, ಕೂಗಳತೆಯಲ್ಲಿರುವ ದಾರಿಯ ಸುದ್ದಿಯನ್ನು ಆ ದಾರಿಯ ಪಕ್ಕದವರಿಗೆ ಹೇಳುವವರು ಯಾರೂ ಇರಲಿಲ್ಲ. ಆ ಪ್ರಶ್ನೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಬಾನುಲಿ ನಮಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ನಿಲಯ ಆರಂಭಿಸಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ತಮ್ಮ ಊರಿನ ಜನರಿಗಾಗಿ ಒಬ್ಬರು ಇಷ್ಟು ಮಾಡಬಲ್ಲರಾದರೆ, ಕಟ್ಟಡ, ಗೋಪುರ, ಪ್ರಸಾರಯಂತ್ರ ಎಲ್ಲವೂ ಇರುವ ಇಂದಿನ ಜಿಲ್ಲಾ ನಿಲಯಗಳಿಂದ ಇನ್ನಷ್ಟನ್ನು ನಿರೀಕ್ಷಿಸುವುದು ತಪ್ಪಲ್ಲ. ಜಿಲ್ಲಾಡಳಿತದ ಸೂಚನೆ ವಾಟ್ಸಾಪ್ ಗುಂಪುಗಳಲ್ಲಿ ಅಲೆದಾಡುವ ಮೊದಲು ನಿಲಯದ ಮೇಜಿಗೆ ಬರಬೇಕು, ಬಂದ ಕೂಡಲೇ ಯಾರ ಅನುಮತಿಗೂ ಕಾಯದೆ ಪ್ರಸಾರವಾಗಬೇಕು.

ಇಲ್ಲಿಯದೆಲ್ಲ ಸರಿಯಿದೆಯೆಂದು ಹೇಳಲಾರೆ. ವೆಚ್ಚ ಕಡಿತದ ಹೆಸರಿನಲ್ಲಿ ಎಬಿಸಿ 2014ರಲ್ಲಿ ಇದೇ ಗಿಪ್ಸ್‌ಲ್ಯಾಂಡಿನ ಮೋರ್ವೆಲ್‌ನಲ್ಲಿದ್ದ ತನ್ನ ಕಚೇರಿಯನ್ನು ಮುಚ್ಚುವುದಾಗಿ ಘೋಷಿಸಿತು. 2017ರ ಜನವರಿಯಲ್ಲಿ ಬಹುದೂರ ತಲುಪುವ ಶಾರ್ಟ್‌ವೇವ್ ಪ್ರಸಾರವನ್ನು ನಿಲ್ಲಿಸಿ, ಉತ್ತರದ ದೂರದ ದನಗಾವಲಿನವರ, ಮೀನುಗಾರರ ಅಸಮಾಧಾನಕ್ಕೆ ಗುರಿಯಾಯಿತು. ನಮ್ಮ ನಿಲಯಗಳ ಒಂದು ಹಿರಿಮೆಯನ್ನೂ ಒಪ್ಪಿಕೊಳ್ಳಲೇಬೇಕು. ಮಂಗಳೂರು ಆಕಾಶವಾಣಿ ತುಳು, ಕೊಂಕಣಿಗಳಲ್ಲಿಯೂ ಮಡಿಕೇರಿ ಆಕಾಶವಾಣಿ ಕೊಡವ ತಕ್ಕ್, ಅರೆಭಾಷೆಗಳಲ್ಲಿಯೂ ಮಾತನಾಡುತ್ತವೆ. ಮನೆಮಾತಿನಲ್ಲಿ ಬಾನುಲಿ ಕೇಳುವ ಆ ಸುಖ ನನಗಿಲ್ಲಿ ಇಲ್ಲ. ಚಿಕ್ಕಪ್ಪ ಅರೆಭಾಷೆಯ ಕಾರ್ಯಕ್ರಮವನ್ನು ತಪ್ಪಿಸುವುದಿಲ್ಲ. ಅವರು ಅಷ್ಟು ನಂಬಿಕೆಯಿಂದ ಕೇಳುವ ಆ ದನಿಗೇ, ಮಳೆಗಾಲದಲ್ಲಿ ಘಾಟಿಯ ಸ್ಥಿತಿಯನ್ನು ಗಂಟೆಗಂಟೆಗೆ ತಿಳಿಸುವ ಹೊಣೆಯನ್ನೂ ಅದಕ್ಕೆ ಬೇಕಾದ ಸಿಬ್ಬಂದಿಯನ್ನೂ ಕೊಡಬೇಕೆಂಬುದು ನನ್ನ ಒತ್ತಾಯ.